ಪದದ ಕೆಳಗೆ ಬೀಟ್ ಕೂರಿಸುವುದು: ಮನೆಯಲ್ಲಿ ರೀಮಿಕ್ಸ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಜೇವರ್ಗಿ, ಶಹಾಪುರ ಕಡೆಯ ಹುಡುಗರು "ಅಣ್ಣಾ, ಕೇಳಿ ಹೇಳ್ರಿ" ಅಂತ ಕಳಿಸುವ ರೀಮಿಕ್ಸ್‌ಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತವೆ. ಮೊದಲ ಪಲ್ಲವಿ ಚೆನ್ನಾಗಿರುತ್ತದೆ. ಎರಡನೇ ನುಡಿಗೆ ಬರುವಷ್ಟರಲ್ಲಿ ದನಿ ಒಂದು ಕಡೆ, ಕಿಕ್ (ಬೀಟ್‌ನ ದಪ್ಪ ಡ್ರಮ್ ಹೊಡೆತ) ಇನ್ನೊಂದು ಕಡೆ. ಅದನ್ನು ಮುಚ್ಚಲು ಮೇಲೆ ಇನ್ನೊಂದು ಡ್ರಮ್ ಲೂಪ್ (ತಿರುತಿರುಗಿ ಬರುವ ತುಣುಕು) ಹಾಕುತ್ತಾರೆ, ಗದ್ದಲ ಜಾಸ್ತಿಯಾಗುತ್ತದೆ. ಕೊನೆಗೆ ಡಿಜೆ ಬಾಕ್ಸ್ ಮೇಲೆ ಹಾಕಿದಾಗ ಹಾಡಿನ ಒಂದು ಮಾತೂ ಕೇಳುವುದಿಲ್ಲ.

ಇದಕ್ಕೆ ಕಾರಣ ಸಾಫ್ಟ್‌ವೇರ್ ಅಲ್ಲ, ಲ್ಯಾಪ್‌ಟಾಪ್ ಹಳೆಯದು ಅನ್ನುವುದೂ ಅಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಒಂದು ಬೀಟ್ ಹುಡುಕಿ ಹಾಕಿ, ಆಮೇಲೆ ಹಾಡನ್ನು ಅದರ ಮೇಲೆ ಎಳೆದು ಕೂರಿಸಲು ನೋಡುತ್ತಾರೆ. ಆಗಬೇಕಾದ್ದು ಉಲ್ಟಾ. ಹಾಡಿನ ತಾಳ, ವೇಗ, ಶ್ರುತಿ ಈ ಮೂರೂ ಗೊತ್ತಾಗುವವರೆಗೆ ಒಂದು ಕಿಕ್ ಕೂಡ ಇಡಬೇಡಿ.

ಇಲ್ಲಿ ತತ್ವಪದ, ಭಜನೆ ಪದ, ಜಾನಪದ ಹಾಡುಗಳನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ (ನಮ್ಮ ಕಡೆ ಪದ ಅಂದರೆ ಹಾಡು). ನಮ್ಮ ಕಡೆ ಮೆರವಣಿಗೆಯಲ್ಲಿ ಕೇಳುವುದೂ ಅವೇ, ಕೆಡುವುದೂ ಅವೇ.

## ಶುರು ಮಾಡುವ ಮುಂಚೆ: ಬೇಕಾಗುವ ಸಾಮಾನು

8 ಜಿಬಿ ರಾಮ್ ಇರುವ ಲ್ಯಾಪ್‌ಟಾಪ್ ಸಾಕು. ವೈರ್ ಇರುವ ಹೆಡ್‌ಫೋನ್ ಬೇಕೇ ಬೇಕು. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ. ನೀವು ಪ್ಯಾಡ್ ಒತ್ತಿದ್ದಕ್ಕೂ ಕೇಳಿಸಿದ್ದಕ್ಕೂ ನಡುವೆ ಅಂತರ ಬಿದ್ದರೆ ತಾಳದ ಕೆಲಸ ಮಾಡಲು ಆಗುವುದಿಲ್ಲ.

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ರೀಪರ್ 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪರೀಕ್ಷೆಗೆ ಸಿಗುತ್ತದೆ. ಎಲ್‌ಎಂಎಂಎಸ್ ಉಚಿತ, ಆದರೆ ಅದರಲ್ಲಿ ದನಿಯ ರೆಕಾರ್ಡಿಂಗ್ ತಿದ್ದುವುದು ಕಷ್ಟ. ಎಫ್‌ಎಲ್ ಸ್ಟುಡಿಯೋ ನಮ್ಮ ಹುಡುಗರ ಅಚ್ಚುಮೆಚ್ಚು. ಅದರ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಮತ್ತೆ ತೆರೆಯಲು ಲೈಸೆನ್ಸ್ ಬೇಕು. ಇದು ಗೊತ್ತಿಲ್ಲದೆ ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಬೆಳಿಗ್ಗೆ ತೆರೆಯದೆ ಕಂಗಾಲಾದವರು ಬಹಳ ಜನ. ಕ್ರ್ಯಾಕ್ ಹಾಕಿಕೊಂಡ ಕಂಪ್ಯೂಟರ್‌ನಲ್ಲಿ ವೈರಸ್ ಬಂದು ಎಲ್ಲಾ ಪ್ರಾಜೆಕ್ಟ್ ಹೋದವರೂ ಇದ್ದಾರೆ.

ಮೈಕ್ ಇದ್ದರೆ ಅದರ ಜೊತೆಗೆ ಒಂದು ಚಿಕ್ಕ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಬೇಕು. ಇಲ್ಲದಿದ್ದರೆ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಬಹುದು, ಹೇಗೆ ಅಂತ ಎರಡನೇ ಹಂತದಲ್ಲಿದೆ. ಫೋನ್‌ನಲ್ಲಿ ಒಂದು ಟ್ಯೂನರ್ ಆಪ್ ಇರಲಿ. ಕೀಬೋರ್ಡ್, ದೊಡ್ಡ ಸ್ಪೀಕರ್, ಪ್ಲಗಿನ್‌ಗಳ ಗಂಟು ಸದ್ಯಕ್ಕೆ ಬೇಡ.

ಕರೆಂಟ್ ಮಾತು ಬಿಡುವ ಹಾಗಿಲ್ಲ. ಆಟೋಸೇವ್ 3 ನಿಮಿಷಕ್ಕೆ ಇಡಿ. ದಿನಕ್ಕೊಂದು ಹೊಸ ಹೆಸರಿನಲ್ಲಿ ಪ್ರಾಜೆಕ್ಟ್ ಉಳಿಸಿ, ಹಳೆಯದರ ಮೇಲೆಯೇ ಬರೆಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ಅನ್ನು ಗಾದಿ ಮೇಲೆ ಇಟ್ಟು ಕೆಲಸ ಮಾಡಿದರೆ ಕೆಳಗಿನ ಗಾಳಿ ದಾರಿ ಮುಚ್ಚಿ ಕಾಯುತ್ತದೆ, ಪ್ರೊಸೆಸರ್ ನಿಧಾನವಾಗುತ್ತದೆ, ಹಾಡು ಕಟ್ ಕಟ್ ಆಗುತ್ತದೆ. ಆಗ ಸಾಫ್ಟ್‌ವೇರ್ ಬಯ್ಯಬೇಡಿ. ಫರಸಿ ನೆಲದ ಮೇಲೆ ಇಡಿ, ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ (ದನಿಯನ್ನು ಕೂಡಿಟ್ಟು ಕಳಿಸುವ ಗಾತ್ರ) 1024ಕ್ಕೆ ಏರಿಸಿ. ರೆಕಾರ್ಡ್ ಮಾಡುವಾಗ ಮಾತ್ರ ಅದನ್ನು 128ಕ್ಕೆ ಇಳಿಸಿದರೆ ಸಾಕು.

## ಹಂತ 1: ಹಾಡು ಯಾರದು ಅಂತ ನೋಡಿಕೊಳ್ಳಿ

ಇದನ್ನು ಕೊನೆಯಲ್ಲಿ ನೋಡೋಣ ಅಂದವರು ಯೂಟ್ಯೂಬ್‌ನಲ್ಲಿ ಹಕ್ಕಿನ ನೋಟಿಸ್ ಬಂದ ಮೇಲೆ ಕೇಳುತ್ತಾರೆ.

ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯ, ಸಂಗೀತ, ರೆಕಾರ್ಡಿಂಗ್. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ರೆಕಾರ್ಡಿಂಗ್‌ನ ಹಕ್ಕು ಅದು ಹೊರಬಂದ ಮೇಲೆ 60 ವರ್ಷ. ಕಡಕೋಳ ಮಡಿವಾಳಪ್ಪನವರಂಥ ಹಳೆಯ ತತ್ವಪದಕಾರರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದವನ್ನು ಯಾರೋ ಹಾಡಿ ಹತ್ತು ವರ್ಷದ ಹಿಂದೆ ಬಿಟ್ಟ ಕ್ಯಾಸೆಟ್ ಅಥವಾ ವಿಡಿಯೋದ ದನಿ ನಿಮ್ಮದಲ್ಲ. "ಜಾನಪದ" ಅಂತ ಕೆಳಗೆ ಬರೆದರೆ ಅದು ಬದಲಾಗುವುದಿಲ್ಲ. "ಕ್ರೆಡಿಟ್ಸ್ ಟು ಓನರ್" ಅಂತ ಬರೆದರೂ ಇಲ್ಲ. ಸಿನಿಮಾ ಹಾಡಿಗಂತೂ ಅನುಮತಿ ಬೇಕೇ ಬೇಕು.

ಸುಲಭ ದಾರಿ ನಮ್ಮ ಕಡೆ ಇದೆ. ಊರಿನ ಭಜನಾ ಮಂಡಳಿಯಲ್ಲಿ ಹಾಡುವವರನ್ನೇ ಕೇಳಿ. "ಕಾಕಾ, ನಿಮ್ಮ ದನ್ಯಾಗ ಒಂದು ಪದ ರೆಕಾರ್ಡ್ ಮಾಡ್ಕೊಳ್ಲೇನ್ರಿ, ಬೀಟ್ ಹಾಕಿ ಬಿಡ್ತೀನಿ" ಅಂದರೆ ಬಹಳ ಮಂದಿ ಒಪ್ಪುತ್ತಾರೆ. ಎಲ್ಲಿ ಹಾಕುತ್ತೀರಿ, ಹಣ ಬಂದರೆ ಅವರಿಗೆ ಎಷ್ಟು, ಹೆಸರು ಹೇಗೆ ಬರುತ್ತದೆ ಅನ್ನುವುದನ್ನು ಮೊದಲೇ ಹೇಳಿ. ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಇದರಲ್ಲಿ ಇನ್ನೊಂದು ಲಾಭವಿದೆ: ದನಿ ಬೇರೆಯಾಗಿ, ಶುದ್ಧವಾಗಿ ಕೈಗೆ ಸಿಗುತ್ತದೆ. ರೀಮಿಕ್ಸ್‌ನ ಅರ್ಧ ತಲೆನೋವು ಅಲ್ಲೇ ಮುಗಿಯಿತು.

## ಹಂತ 2: ದನಿಯನ್ನು ಶುದ್ಧವಾಗಿ ಹಿಡಿಯಿರಿ

ಶಹಾಬಾದ್ ಕಲ್ಲಿನ ಮನೆ ಬೇಸಿಗೆಗೆ ಒಳ್ಳೆಯದು, ರೆಕಾರ್ಡಿಂಗ್‌ಗೆ ಅಲ್ಲ. ಫರಸಿ ನೆಲ, ಬರಿಗೋಡೆಗಳಿಗೆ ದನಿ ಬಡಿದು ವಾಪಸ್ ಬರುತ್ತದೆ. ಆ ಗುಂಯ್‌ಗುಡುವಿಕೆಯನ್ನು ಆಮೇಲೆ ಯಾವ ಪ್ಲಗಿನ್‌ನಿಂದಲೂ ಪೂರ್ತಿ ತೆಗೆಯಲು ಆಗುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ಇಳಿಬಿಡಿ. ಅಕ್ಕಪಕ್ಕಕ್ಕೆ ಗಾದಿ ನಿಲ್ಲಿಸಿ. ಚಪ್ಪಾಳೆ ತಟ್ಟಿ ನೋಡಿ. "ಟಣ್" ಅನ್ನುವ ಬಾಲ ಕೇಳಿಸಿದರೆ ಇನ್ನೂ ಒಂದು ಕೌದಿ ಬೇಕು.

ಫ್ಯಾನ್, ಕೂಲರ್ ಎರಡೂ ಬಂದ್. ಅದಕ್ಕೇ ಬೇಸಿಗೆಯಲ್ಲಿ ಬೆಳಿಗ್ಗೆ 6ರ ಸುಮಾರಿಗೆ ಮುಗಿಸಿಬಿಡುವುದು ಒಳ್ಳೆಯದು, ಅಷ್ಟೊತ್ತಿಗೆ ಬೀದಿಯಲ್ಲಿ ಗಾಡಿಗಳೂ ಕಡಿಮೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ 50 ಹರ್ಟ್ಜ್‌ನ "ಹೂಂ" ಅನ್ನುವ ಸದ್ದು ಮೈಕ್‌ಗೆ ಸೇರಿಕೊಳ್ಳುತ್ತದೆ.

ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. 24 ಬಿಟ್, 48 ಕಿಲೋಹರ್ಟ್ಜ್ ಆಯ್ಕೆ ಮಾಡಿ. ಅತಿ ಎತ್ತರದ ಸ್ವರ ಹಾಡುವಾಗಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. ನಮ್ಮ ಪದಕಾರರು ಶುರುವಿನಲ್ಲಿ ಮೆಲ್ಲಗೆ ಹಾಡುತ್ತಾರೆ, ಎರಡನೇ ನುಡಿಗೆ ದನಿ ಬಿಚ್ಚುತ್ತಾರೆ. ಮೊದಲ ಸಾಲು ನೋಡಿ ಲೆವೆಲ್ ಇಟ್ಟರೆ ಮುಂದೆ ಒಡೆಯುವುದು ಗ್ಯಾರಂಟಿ. ಪದದ ಜೋರಾದ ಸಾಲನ್ನೇ ಮೊದಲು ಹಾಡಿಸಿ ಲೆವೆಲ್ ಇಡಿ.

ಕ್ಲಿಕ್ ಸದ್ದಿಗೆ ಹಾಡಿ ಅಂತ ಹಿರಿಯರನ್ನು ಪೀಡಿಸಬೇಡಿ, ಅದು ಅವರಿಗೆ ಒಗ್ಗುವುದಿಲ್ಲ. ಬದಲಿಗೆ ದಮ್ಮಡಿ ಅಥವಾ ತಾಳದ ಒಂದು ಆವರ್ತನ (ಒಂದು ಪೂರ್ತಿ ಸುತ್ತು) ರೆಕಾರ್ಡ್ ಮಾಡಿ, ಅವರ ವೇಗಕ್ಕೆ ಹೊಂದಿಸಿ, ಅದನ್ನೇ ಹೆಡ್‌ಫೋನ್‌ನಲ್ಲಿ ತಿರುಗಿಸಿ ಕೇಳಿಸಿ. ಅದರ ಮೇಲೆ ಆರಾಮಾಗಿ ಹಾಡುತ್ತಾರೆ. ಏಕತಾರಿ ಇಲ್ಲದೆ ಹಾಡಲು ಬಾರದವರು ಇದ್ದರೆ ಏಕತಾರಿ ಕೈಯಲ್ಲೇ ಇರಲಿ, ದನಿಯ ಜೊತೆ ಅದೂ ಬರುತ್ತದೆ. ಬಂದರೆ ಬರಲಿ. ಸರಿಯಾದ ಶ್ರುತಿಯಲ್ಲಿದ್ದರೆ ಅದು ಚಂದವೇ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ವೇವ್ ಫೈಲ್ ಕೊಡುವ ಆಪ್ ಬಳಸಿ, ಗದ್ದಲ ಕಡಿಮೆ ಮಾಡುವ ಸೆಟ್ಟಿಂಗ್ ಬಂದ್ ಮಾಡಿ. ಫೈಲನ್ನು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಲೇಬೇಡಿ, ಅಲ್ಲಿ ದನಿಯ ಜೀವ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಅನುಮತಿ ಇದೆ, ಆದರೆ ಪೂರ್ತಿ ಹಾಡಿನ ಮಿಕ್ಸ್ ಮಾತ್ರ ಕೈಯಲ್ಲಿದೆ ಅಂದರೆ ಅಲ್ಟಿಮೇಟ್ ವೋಕಲ್ ರಿಮೂವರ್ ಅನ್ನುವ ಉಚಿತ ಸಾಫ್ಟ್‌ವೇರ್ ದನಿಯನ್ನು ಬೇರ್ಪಡಿಸಿ ಕೊಡುತ್ತದೆ. ಮೂಲ ಫೈಲ್ ಚೆನ್ನಾಗಿದ್ದರೆ ಮಾತ್ರ. ಎಂಪಿ3ಯಿಂದ ಎಂಪಿ3ಗೆ ನಾಲ್ಕಾರು ಸಲ ಕೈ ಬದಲಾದ ಹಾಡಿನಿಂದ ತೆಗೆದ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಹಾರ್ಮೋನಿಯಂ ದನಿಗೆ ಅಂಟಿಕೊಂಡೇ ಬರುವುದೂ ಉಂಟು, ಎರಡೂ ಒಂದೇ ಸ್ವರ ಹಿಡಿದು ಸಾಗುತ್ತವಲ್ಲ. ಅಂಥ ದನಿಯ ಮೇಲೆ ಮುಂದಿನ ಹಂತಗಳ ಶ್ರಮ ಹಾಕಬೇಡಿ.

## ಹಂತ 3: ತಾಳ ಯಾವುದು?

ಹೆಚ್ಚು ರೀಮಿಕ್ಸ್‌ಗಳು ಸಾಯುವುದು ಇಲ್ಲಿ. ಆದ್ದರಿಂದ ಸಾವಕಾಶ ಓದಿ.

ಡೌನ್‌ಲೋಡ್ ಮಾಡಿದ ಡಿಜೆ ಲೂಪ್‌ಗಳೆಲ್ಲ ಸಾಮಾನ್ಯವಾಗಿ ನಾಲ್ಕರ ಲೆಕ್ಕದವು. ನಮ್ಮ ಪದಗಳು ಹಾಗಿರಲೇಬೇಕು ಅಂತ ಇಲ್ಲ. ಭಜನೆಯಲ್ಲಿ ಬಹಳ ಬಳಕೆಯಲ್ಲಿರುವುದು 8 ಮಾತ್ರೆಯ (ಮಾತ್ರೆ ಅಂದರೆ ತಾಳದ ಒಂದು ಎಣಿಕೆ) ಕೆಹರವಾ ಮತ್ತು 6 ಮಾತ್ರೆಯ ದಾದ್ರಾ. ಅಲ್ಲಲ್ಲಿ 7 ಮಾತ್ರೆಯ ರೂಪಕ, 14 ಮಾತ್ರೆಯ ದೀಪಚಂದಿಯೂ ಸಿಗುತ್ತವೆ.

ಪದ ಹಾಕಿ, ಕಣ್ಣು ಮುಚ್ಚಿ, ಕೈಯಲ್ಲಿ ತಾಳ ಹಾಕಿ. "ಒಂದು ಎರಡು ಮೂರು ನಾಲ್ಕು" ಸಲೀಸಾಗಿ ಕೂತರೆ ಕೆಹರವಾ. "ಒಂದು ಎರಡು ಮೂರು, ಒಂದು ಎರಡು ಮೂರು" ಅಂತ ತೊಟ್ಟಿಲು ತೂಗಿದ ಹಾಗೆ ಬಂದರೆ ದಾದ್ರಾ. ಅನುಮಾನ ಬಂದರೆ ಮಂಡಳಿಯ ತಬಲಾದವರನ್ನು ಕೇಳಿ. ಒಂದು ಮಾತಿನಲ್ಲಿ ಹೇಳುತ್ತಾರೆ. ಕೇಳಲು ನಾಚಿಕೆ ಯಾಕೆ?

ಕೆಹರವಾ ಇದ್ದರೆ: ಪ್ರಾಜೆಕ್ಟ್ 4/4ರಲ್ಲೇ (ಒಂದು ಬಾರ್‌ಗೆ ನಾಲ್ಕು ಬೀಟ್) ಇರಲಿ. ಸಮ, ಅಂದರೆ ಆವರ್ತನದ ಮೊದಲ ಮಾತ್ರೆ, ಎಲ್ಲಿ ಬೀಳುತ್ತದೆ ನೋಡಿ. ಬಹಳ ಪದಗಳಲ್ಲಿ ಮಾತು ಸಮಕ್ಕಿಂತ ಒಂದೆರಡು ಮಾತ್ರೆ ಮುಂಚೆಯೇ ಎತ್ತಿಕೊಳ್ಳುತ್ತದೆ. ಮೊದಲ ಅಕ್ಷರವನ್ನೇ ಬಾರ್‌ನ ಮೊದಲ ಗೆರೆಗೆ ಇಟ್ಟರೆ ಇಡೀ ಹಾಡು ಪಕ್ಕಕ್ಕೆ ಜಾರಿರುತ್ತದೆ. ವೇಗ ಸರಿ ಇದ್ದರೂ ಏನೋ ತಪ್ಪಾಗಿದೆ ಅನ್ನಿಸುವುದು ಇದರಿಂದಲೇ. ಸಮಕ್ಕೆ ಬೀಳುವ ಅಕ್ಷರ ಬೇರೆ, ಮೊದಲು ಬರುವ ಅಕ್ಷರ ಬೇರೆ. ಸಮದ ಅಕ್ಷರ ಹುಡುಕಿ ಅದನ್ನು ಗೆರೆಗೆ ತನ್ನಿ.

ದಾದ್ರಾ ಇದ್ದರೆ: ಮೂರು ಮಾತ್ರೆಗೆ ಒಂದು ಕಿಕ್. ಅಂದರೆ 1ನೇ ಮತ್ತು 4ನೇ ಮಾತ್ರೆಗೆ. ಎರಡು ಆವರ್ತನ ಸೇರಿದರೆ 12 ಮಾತ್ರೆ, ನಾಲ್ಕು ಕಿಕ್, ಒಂದು ಬಾರ್. ಕುಣಿಯುವವರಿಗೆ ನಾಲ್ಕರ ಕಿಕ್ ಸಿಕ್ಕಿತು, ಹಾಡಿನ ತೂಗಾಟವೂ ಉಳಿಯಿತು. ಆದರೆ ಪರದೆಯ ಮೇಲಿನ ತಾಳದ ಗೆರೆಗಳನ್ನು, ಅಂದರೆ ಗ್ರಿಡ್ ಅನ್ನು, ಟ್ರಿಪ್ಲೆಟ್‌ಗೆ (ಒಂದು ಬೀಟ್‌ಗೆ ಮೂರು ಭಾಗ) ಬದಲಿಸಬೇಕು. ಎಫ್‌ಎಲ್‌ನಲ್ಲಿ ಸ್ನ್ಯಾಪ್ 1/3 ಬೀಟ್‌ಗೆ ಇಡಿ. ರೀಪರ್‌ನಲ್ಲಿ ಗ್ರಿಡ್ ಪಟ್ಟಿಯಲ್ಲಿ ಟ್ರಿಪ್ಲೆಟ್ ಆಯ್ಕೆ ಇದೆ. ಹೈ-ಹ್ಯಾಟ್, ಹಲಗೆ, ಸಿಂತ್ ಎಲ್ಲವೂ ಈ ಗ್ರಿಡ್‌ನಲ್ಲೇ ಇರಬೇಕು. ನಾಲ್ಕು ಭಾಗ ಮಾಡಿದ ಒಂದೇ ಒಂದು ಹೈ-ಹ್ಯಾಟ್ ಲೂಪ್ ಒಳಗೆ ಬಂದರೆ ಸಾಕು, ಎಲ್ಲ ಕೆಟ್ಟಿತು.

ರೂಪಕ ಇದ್ದರೆ: 7 ಮಾತ್ರೆ, 3-2-2 ಅಂತ ಒಡೆಯುತ್ತದೆ. ಕಿಕ್ ಅನ್ನು 1, 4, 6ಕ್ಕೆ ಇಡಬಹುದು. ಮೆರವಣಿಗೆ ಕುಣಿತಕ್ಕೆ ಇದು ಕೂರುವುದು ಕಷ್ಟ. ಮೊದಲ ರೀಮಿಕ್ಸ್‌ಗೆ ಇಂಥ ಪದ ಬೇಡ. ದೀಪಚಂದಿಯೂ ಬೇಡ.

ತಪ್ಪಾಗಿದೆ ಅನ್ನುವುದರ ಗುರುತು ಹೀಗಿದೆ: ಒಂದು ಸಾಲಿಗೆ ಸರಿ ಕೂತ ಬೀಟ್ ಮುಂದಿನ ಸಾಲಿಗೆ ತಪ್ಪುತ್ತದೆ, ಮೂರನೆಯದಕ್ಕೆ ಮತ್ತೆ ಸರಿಯಾಗುತ್ತದೆ. ಹೀಗೆ ಬಂದು ಬಂದು ಹೋಗುತ್ತಿದ್ದರೆ ವೇಗದ ತಪ್ಪಲ್ಲ, ಮೂರರ ಹಾಡಿಗೆ ನಾಲ್ಕರ ಬೀಟ್ ಹಾಕಿದ್ದೀರಿ.

## ಹಂತ 4: ವೇಗ ಅಳೆದು ಗ್ರಿಡ್‌ಗೆ ಕೂರಿಸಿ

ಸಾಫ್ಟ್‌ವೇರ್ ತಾನಾಗಿ ತೋರಿಸುವ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ನಂಬಬೇಡಿ. 90 ಇದ್ದದ್ದನ್ನು 180 ಅನ್ನುತ್ತದೆ, ದಾದ್ರಾ ಸಿಕ್ಕರೆ ಇನ್ನೂ ಏನೇನೋ ಹೇಳುತ್ತದೆ. ಕೈಯಲ್ಲೇ ಲೆಕ್ಕ ಹಾಕಿ. 32 ಬೀಟ್ ಎಣಿಸಿ, ಎಷ್ಟು ಸೆಕೆಂಡ್ ಆಯಿತು ನೋಡಿ. 32 ಅನ್ನು 60ರಿಂದ ಗುಣಿಸಿ ಆ ಸೆಕೆಂಡ್‌ನಿಂದ ಭಾಗಿಸಿ. 20 ಸೆಕೆಂಡ್ ಆಗಿದ್ದರೆ 96 ಬಿಪಿಎಂ. ದಾದ್ರಾಕ್ಕೆ ಮೂರು ಮಾತ್ರೆಯನ್ನು ಒಂದು ಬೀಟ್ ಅಂತ ಎಣಿಸಿ.

ಈ ಲೆಕ್ಕವನ್ನು ಮೂರು ಕಡೆ ಮಾಡಿ: ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಭಜನೆಗೆ ಲಯ ಏರಿಸುವ ರೂಢಿ ಇದೆ. 88ರಲ್ಲಿ ಶುರುವಾದ ಪದ 112ರಲ್ಲಿ ಮುಗಿಯಬಹುದು. ಹಾಡುವವರ ತಪ್ಪಲ್ಲ ಅದು, ಅದರ ಸೊಗಸೇ ಅಲ್ಲಿದೆ. ಒಂದೇ ಬಿಪಿಎಂ ಹಾಕಿ ಇಡೀ ಹಾಡು ಓಡಿಸಿದರೆ ಎರಡನೇ ನುಡಿಯಲ್ಲಿ ಜಾರುವುದು ಇದಕ್ಕೇ.

ಮೂರೂ ಕಡೆ ಒಂದೆರಡು ಬಿಪಿಎಂ ವ್ಯತ್ಯಾಸ ಮಾತ್ರ ಇದ್ದರೆ ದನಿಯನ್ನೇ ಗ್ರಿಡ್‌ಗೆ ತನ್ನಿ. ಪ್ರತಿ ಆವರ್ತನದ ಸಮಕ್ಕೆ ಒಂದು ಸ್ಟ್ರೆಚ್ ಮಾರ್ಕರ್ (ದನಿಯನ್ನು ಹಿಗ್ಗಿಸಲು, ಕುಗ್ಗಿಸಲು ಹಿಡಿಯುವ ಗುರುತು) ಹಾಕಿ, ಅದನ್ನು ಹತ್ತಿರದ ಬಾರ್ ಗೆರೆಗೆ ಎಳೆಯಿರಿ. ಸಮಕ್ಕೆ ಮಾತ್ರ. ಪ್ರತಿ ಅಕ್ಷರಕ್ಕೂ ಮಾರ್ಕರ್ ಹಾಕಿ ಗೆರೆಗೆ ಕಟ್ಟಿದರೆ ಪದ ಹಾಡಿದ ಹಾಗಿರುವುದಿಲ್ಲ, ಪಾಠ ಒಪ್ಪಿಸಿದ ಹಾಗಿರುತ್ತದೆ. ಹಾಡುವವರು ಒಂದು ಮಾತನ್ನು ಎಳೆದು ತಡವಾಗಿ ಬಿಟ್ಟಿದ್ದರೆ ಅದು ಬೇಕಂತಲೇ ಬಿಟ್ಟದ್ದು.

ಲಯ ಏರುತ್ತಾ ಹೋಗುವ ಪದಕ್ಕೆ ಎರಡು ದಾರಿ. ಒಂದು, ಪಲ್ಲವಿ ಮತ್ತು ಒಂದೆರಡು ನುಡಿ ಮಾತ್ರ ತೆಗೆದುಕೊಂಡು, ಪ್ರತಿಯೊಂದನ್ನೂ ಬೇರೆಯಾಗಿ ಕತ್ತರಿಸಿ ಒಂದೇ ವೇಗಕ್ಕೆ ತರುವುದು. ಎರಡು, ದನಿ ಮುಟ್ಟದೆ ಪ್ರಾಜೆಕ್ಟ್‌ನ ವೇಗವನ್ನೇ ಹಾಡಿನ ಜೊತೆ ಏರಿಸುವುದು. ಎರಡನೆಯದು ಕೇಳಲು ಬಲು ಚಂದ. ಆದರೆ ಡಿಜೆಯವರು ಮುಂದಿನ ಹಾಡಿಗೆ ಜೋಡಿಸಲು ಒದ್ದಾಡುತ್ತಾರೆ. ಮೆರವಣಿಗೆಗೆ ಮೊದಲನೆಯದು, ಹೆಡ್‌ಫೋನ್ ಕೇಳುಗರಿಗೆ ಎರಡನೆಯದು ಅಂತ ನನ್ನ ಅಭಿಪ್ರಾಯ.

ಎಷ್ಟು ಎಳೆಯಬಹುದು? ನೂರಕ್ಕೆ 8ರಷ್ಟು ಹೆಚ್ಚು ಕಡಿಮೆ ಮಾಡಿದರೆ ದನಿ ತಡೆಯುತ್ತದೆ. 96 ಇದ್ದದ್ದನ್ನು 103ಕ್ಕೆ ಏರಿಸಬಹುದು. ಎಲ್ಲರ ರೀಮಿಕ್ಸ್ 128ರಲ್ಲಿದೆ ಅಂತ 96ರ ಪದವನ್ನು 128ಕ್ಕೆ ಏರಿಸಿದರೆ ದನಿ ನಡುಗುತ್ತದೆ, ಮಾತು ನುಂಗಿಹೋಗುತ್ತದೆ. ಯಾರು ಹೇಳಿದರು 128 ಬೇಕು ಅಂತ? 96ರಿಂದ 105ರೊಳಗೆ ಹಲಗೆಯ ನಡೆ ಇಟ್ಟರೆ ನಮ್ಮ ಮಂದಿ ಚೆನ್ನಾಗಿಯೇ ಕುಣಿಯುತ್ತಾರೆ.

ಇನ್ನೊಂದು ಎಚ್ಚರಿಕೆ. ದನಿ ಇದ್ದಕ್ಕಿದ್ದಂತೆ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆಯಷ್ಟು (ಕರಿ, ಬಿಳಿ ಎರಡೂ ಎಣಿಸಿ) ಕೆಳಗಿಳಿದು ನಿಧಾನವಾಗಿ ಕೇಳಿಸಿದರೆ, 48 ಕಿಲೋಹರ್ಟ್ಜ್‌ನ ಫೈಲ್ 44.1ರ ಲೆಕ್ಕದಲ್ಲಿ ಓಡುತ್ತಿದೆ. ವೇಗ ತಿದ್ದಲು ಹೋಗಬೇಡಿ, ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಸರಿಮಾಡಿ. ಲೂಪ್‌ಗಳನ್ನು ವೇವ್‌ನಲ್ಲೇ ಇಟ್ಟುಕೊಳ್ಳಿ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂದಿಷ್ಟು ಖಾಲಿ ಸದ್ದು ಸೇರಿಕೊಳ್ಳುತ್ತದೆ, ಲೂಪ್ ತಿರುಗಿದಾಗ ಮುಗ್ಗರಿಸುತ್ತದೆ.

ಈ ಹಂತ ಮುಗಿಯಿತು ಅನ್ನಲು ಒಂದೇ ಪರೀಕ್ಷೆ: ದನಿ ಮತ್ತು ಬರೀ ಕ್ಲಿಕ್ ಎರಡನ್ನೇ ಹಾಕಿ ಕೊನೆಯವರೆಗೆ ಕೇಳಿ. ಎಲ್ಲೂ ಎಡವದಿದ್ದರೆ ಮುಂದೆ ಹೋಗಿ.

## ಹಂತ 5: ಶ್ರುತಿ ಹುಡುಕಿ

ಹಾಡಿದವರು ಎದುರಿಗಿದ್ದರೆ ಕೇಳಿಬಿಡಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ "ಕರಿ ಒಂದು", "ಬಿಳಿ ಎರಡು" ಅಂತ ಹೇಳುತ್ತಾರೆ. ಬಿಳಿ ಒಂದು ಅಂದರೆ ಸಾಫ್ಟ್‌ವೇರ್‌ನಲ್ಲಿ ಸಿ. ಕರಿ ಒಂದು ಸಿ ಶಾರ್ಪ್, ಬಿಳಿ ಎರಡು ಡಿ, ಕರಿ ಎರಡು ಡಿ ಶಾರ್ಪ್, ಕರಿ ಮೂರು ಎಫ್ ಶಾರ್ಪ್, ಕರಿ ನಾಲ್ಕು ಜಿ ಶಾರ್ಪ್, ಕರಿ ಐದು ಎ ಶಾರ್ಪ್.

ಕೇಳಲು ಆಗದಿದ್ದರೆ ಸಾಲಿನ ಕೊನೆಯಲ್ಲಿ ಹಾಡು ಬಂದು ನಿಲ್ಲುವ ಸ್ವರ ನೋಡಿ, ಹೆಚ್ಚಾಗಿ ಅದೇ ಸಾ. ಟ್ಯೂನರ್ ಆಪ್ ಮುಂದೆ ಅದನ್ನು ಹಾಕಿ. ಏಕತಾರಿಗೆ ಹಾಡಿದ್ದರೆ ಶ್ರುತಿ ಎರಡು ಮನೆಗಳ ನಡುವೆ ಇರುವ ಸಾಧ್ಯತೆ ಜಾಸ್ತಿ. ಟ್ಯೂನರ್ "ಸಿ ಶಾರ್ಪ್, ಜೊತೆಗೆ 30 ಸೆಂಟ್" ಅಂತ ತೋರಿಸಿದರೆ ನಿಮ್ಮ ಬೇಸ್, ಸಿಂತ್ ಎಲ್ಲವನ್ನೂ 30 ಸೆಂಟ್ ಏರಿಸಿ. ಎರಡು ಮನೆಗಳ ನಡುವಿನ ಅಂತರ 100 ಸೆಂಟ್, ಅದರಲ್ಲಿ 30 ಅಂದರೆ ಕಿವಿಗೆ ಚುಚ್ಚುವಷ್ಟು. ದನಿಯನ್ನು ವಾದ್ಯಕ್ಕೆ ಎಳೆಯಬೇಡಿ, ವಾದ್ಯವನ್ನು ದನಿಗೆ ತನ್ನಿ. ಆಟೋಟ್ಯೂನ್ (ಸ್ವರವನ್ನು ತಾನೇ ತಿದ್ದುವ ಪ್ಲಗಿನ್) ಹಾಕಿ ಮೀಂಡನ್ನು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದನ್ನು, ಮೆಟ್ಟಿಲು ಮಾಡಬೇಡಿ.

ಮುಂದಿನ ತಪ್ಪು ಕಾರ್ಡ್‌ಗಳದು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಮೇಜರ್ ಕಾರ್ಡ್ ಪ್ಯಾಕ್ ತಂದು ಭೈರವಿಯ ಪದದ ಕೆಳಗೆ ಹಾಕುತ್ತಾರೆ. ದನಿಯಲ್ಲಿ ಕೋಮಲ ಗಾಂಧಾರ, ಕಾರ್ಡ್‌ನಲ್ಲಿ ಶುದ್ಧ ಗಾಂಧಾರ. ಎರಡೂ ಗುದ್ದಾಡುತ್ತವೆ. ರಾಗ ಗೊತ್ತಿಲ್ಲದಿದ್ದರೆ ಸಾ ಮತ್ತು ಪಾ ಎರಡೇ ಸ್ವರ ಹಿಡಿದ ಪ್ಯಾಡ್ (ಎಳೆದು ನಿಲ್ಲುವ ಹಿನ್ನೆಲೆ ಸಿಂತ್ ದನಿ) ಇಡಿ. ಪಾ ಕಚ್ಚುತ್ತಿದೆ ಅನ್ನಿಸಿದರೆ ಮಾಲ್ಕಂಸ್‌ನಂಥ ಪಂಚಮವೇ ಇಲ್ಲದ ರಾಗ ಇರಬಹುದು, ಆಗ ಸಾ ಮತ್ತು ಮಾ ಹಿಡಿಯಿರಿ.

## ಹಂತ 6: ಕಿಕ್, ಬೇಸ್, ಹಲಗೆ

ಈಗ ಬೀಟ್ ಹಾಕಬಹುದು.

ಒಂದೇ ಕಿಕ್ ಸಾಕು. ಮೂರು ಕಿಕ್ ಒಂದರ ಮೇಲೊಂದು ಪೇರಿಸಿದರೆ ಜೋರಾಗುತ್ತದೆ ಅನ್ನುವುದು ತಪ್ಪು ಕಲ್ಪನೆ, ಅಲೆಗಳು ಒಂದನ್ನೊಂದು ಕಡಿಯುತ್ತವೆ. ಬೇಸ್ ಸಾ ಸ್ವರದಲ್ಲೇ ಶುರುವಾಗಲಿ. ಬಿಳಿ ಒಂದರ ಪದಕ್ಕೆ ಅದು ಸುಮಾರು 65 ಹರ್ಟ್ಜ್, ಬಿಳಿ ಎರಡಕ್ಕೆ 73. ಕಿಕ್ ಬಿದ್ದಾಗಲೆಲ್ಲ ಬೇಸ್ ಸ್ವಲ್ಪ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಹಾಕಿ. ಬೇಸ್ ಮುಂದಿನ ಕಿಕ್ ಬರುವ ಮುಂಚೆ ಪೂರ್ತಿ ಎದ್ದಿರಬೇಕು. 100 ಬಿಪಿಎಂನಲ್ಲಿ ಎರಡು ಕಿಕ್ ನಡುವೆ 600 ಮಿಲಿಸೆಕೆಂಡ್ ಇರುತ್ತದೆ, ರಿಲೀಸ್ (ತಗ್ಗಿದ ಬೇಸ್ ಮತ್ತೆ ಏಳಲು ಹಿಡಿಯುವ ಸಮಯ) ಅದಕ್ಕಿಂತ ಬಹಳ ಕಡಿಮೆ ಇರಲಿ.

ಹಲಗೆ ಸ್ಯಾಂಪಲ್ ಹುಡುಕಿ ಅಲೆಯುವ ಬದಲು ನಿಜವಾದ ಹಲಗೆಯನ್ನೇ ರೆಕಾರ್ಡ್ ಮಾಡಿ. ಬಯಲಲ್ಲಿ, ಐದಾರು ಅಡಿ ದೂರದಿಂದ, ಲೆವೆಲ್ ಬಹಳ ತಗ್ಗಿಸಿ. ಚರ್ಮ ಕಾಯಿಸಿದ ತಕ್ಷಣ ಹೊಡೆದರೆ ಸದ್ದು ಖಣಖಣ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಬೇಕಾದ ಹೊಡೆತಗಳನ್ನು ಮೊದಲೇ ತೆಗೆದುಕೊಳ್ಳಿ. ಒಂದೇ ಹೊಡೆತವನ್ನು ನಕಲು ಮಾಡಿ ಮಾಡಿ ಅಂಟಿಸಿದರೆ ಮಷಿನ್ ಅಂತ ಗೊತ್ತಾಗುತ್ತದೆ. ಬೇರೆ ಬೇರೆ ಹೊಡೆತ ನಾಲ್ಕೈದಾದರೂ ಇರಲಿ, ಸರದಿ ಮೇಲೆ ಬಳಸಿ. ಹಲಗೆ ಇದ್ದ ಮೇಲೆ ಕ್ಲ್ಯಾಪ್, ಸ್ನೇರ್ ಎರಡೂ ಬೇಕಿಲ್ಲ. ಮೂರೂ ಒಂದೇ ಜಾಗಕ್ಕೆ ಜಗಳವಾಡುತ್ತವೆ.

## ಹಂತ 7: ಕಟ್ಟು

ಮೊದಲ 8 ಬಾರ್ ಬರೀ ತಾಳ ಇರಲಿ, ಡಿಜೆಯವರಿಗೆ ಹಿಂದಿನ ಹಾಡಿನಿಂದ ಬರಲು ದಾರಿ ಬೇಕು. 100 ಬಿಪಿಎಂನಲ್ಲಿ ಅದು 19 ಸೆಕೆಂಡ್ ಚಿಲ್ಲರೆ. ಆಮೇಲೆ ಪಲ್ಲವಿ. ಮೊದಲ ಸಲ ಪಲ್ಲವಿ ಬಂದಾಗ ಬೇಸ್ ತೆಗೆದುಬಿಡಿ, ಮಾತು ಕೇಳಲಿ. ಎರಡನೇ ಸಲಕ್ಕೆ ಪೂರ್ತಿ ಬಿಡಿ.

ನುಡಿಯ ನಡುವೆ ಡ್ರಾಪ್ (ಹಾಡು ನಿಲ್ಲಿಸಿ ಜೋರಾಗಿ ಬೀಟ್ ಬಿಡುವುದು) ಹಾಕಬೇಡಿ. ತತ್ವಪದದ ನುಡಿ ಒಂದು ಪ್ರಶ್ನೆ ಎತ್ತಿ ಪಲ್ಲವಿಯಲ್ಲಿ ಬಂದು ನಿಲ್ಲುತ್ತದೆ. ಅರ್ಧಕ್ಕೆ ಕತ್ತರಿಸಿ "ಡುಂ" ಅನ್ನಿಸಿದರೆ ಅರ್ಥವೇ ಹೋಯಿತು, ಹಿರಿಯರು ಬಯ್ಯುವುದು ಇದಕ್ಕೇ. ಪಲ್ಲವಿ ಮರಳಿ ಬಂದು ಮುಗಿದ ಮೇಲೆ ನಿಮ್ಮ ಕುಣಿತದ ಭಾಗ ಎಷ್ಟು ಬೇಕೋ ಅಷ್ಟು ಇಡಿ. "ಡಿಜೆ ಇಂಥವನು" ಅಂತ ಕೂಗುವ ವಾಯ್ಸ್ ಟ್ಯಾಗ್ ಒಮ್ಮೆ ಸಾಕು. ಇಪ್ಪತ್ತು ಸೆಕೆಂಡಿಗೊಮ್ಮೆ ಕೂಗಿದರೆ ಕೇಳುವವರು ಹಾಡು ಬದಲಿಸುತ್ತಾರೆ.

## ಹಂತ 8: ಮಿಕ್ಸ್

ಎಲ್ಲ ಫೇಡರ್ ಕೆಳಗೆ ತನ್ನಿ. ಮೊದಲು ದನಿ, ಆಮೇಲೆ ಕಿಕ್, ಆಮೇಲೆ ಬೇಸ್, ಹಲಗೆ, ಉಳಿದದ್ದು. ಈ ಕ್ರಮ ಬದಲಿಸಬೇಡಿ. ಮಾಸ್ಟರ್ (ಎಲ್ಲ ಟ್ರ್ಯಾಕ್ ಬಂದು ಸೇರುವ ಕೊನೆಯ ಜಾಗ) ಮೀಟರ್ ಮೈನಸ್ 6ರ ಹತ್ತಿರ ನಿಲ್ಲಲಿ.

ದನಿಯಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಕಾಲಿನ ಸದ್ದು, ಗಾಡಿ ಸದ್ದು ಬಿಟ್ಟರೆ ಏನೂ ಇಲ್ಲ. ಹಾರ್ಮೋನಿಯಂ ಅಥವಾ ಪ್ಯಾಡ್ ದನಿಯನ್ನು ಮುಚ್ಚುತ್ತಿದ್ದರೆ ದನಿ ಏರಿಸುವ ಬದಲು ಅವುಗಳಲ್ಲಿ 300ರಿಂದ 500 ಹರ್ಟ್ಜ್ ಸುತ್ತ 3 ಡೆಸಿಬಲ್ ತಗ್ಗಿಸಿ. ರಿವರ್ಬ್ ಮೇಲೆ ಕೈ ಬಿಗಿ ಇರಲಿ. ಮೆರವಣಿಗೆಯ ಬೀದಿಯಲ್ಲಿ ಕಟ್ಟಡಗಳೇ ಬೇಕಾದಷ್ಟು ಪ್ರತಿಧ್ವನಿ ಕೊಡುತ್ತವೆ.

ಮಾಸ್ಟರ್‌ನಲ್ಲಿ 30 ಹರ್ಟ್ಜ್ ಕೆಳಗಿನದನ್ನು ತೆಗೆಯಿರಿ. ಅದು ಕೇಳಿಸುವುದಿಲ್ಲ, ಆಂಪ್ಲಿಫೈಯರ್‌ನ ಶಕ್ತಿ ಮಾತ್ರ ತಿನ್ನುತ್ತದೆ. ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್‌ನ ಮಿತಿ ಮೈನಸ್ 1ಕ್ಕೆ ಇಡಿ. ಅದರ ಸೂಜಿ 4 ಡೆಸಿಬಲ್‌ಗಿಂತ ಜಾಸ್ತಿ ಒತ್ತುತ್ತಿದ್ದರೆ ಕಿಕ್ ಚಪ್ಪಟೆಯಾಗುತ್ತದೆ. ಆಗ ಹಿಂದೆ ಹೋಗಿ ಬೇಸ್ ತಗ್ಗಿಸಿ. ಯೂಟ್ಯೂಬ್, ಸ್ಪಾಟಿಫೈಗಳು ಜೋರಾದ ಹಾಡನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡು ಎಷ್ಟು ಜೋರು ಅನ್ನುವ ಅಳತೆ) ತಾವೇ ಇಳಿಸುತ್ತವೆ. ಹಿಂಡಿ ಹಿಂಡಿ ಜೋರು ಮಾಡಿದ್ದರಿಂದ ಅಲ್ಲಿ ಯಾವ ಲಾಭವೂ ಇಲ್ಲ.

ಈ ಕೆಲಸವನ್ನು ಮೆಲ್ಲಗಿನ ವಾಲ್ಯೂಮ್‌ನಲ್ಲಿ ಮಾಡಿ. ಮೆಲ್ಲಗೆ ಹಾಕಿದಾಗ ಮಾತು ಸ್ಪಷ್ಟವಾಗಿ ಕೇಳಿದರೆ ಜೋರಿನಲ್ಲೂ ಕೇಳುತ್ತದೆ. ಕಿವಿಯಲ್ಲಿ ಕುಯ್ಯ್ ಅನ್ನುವ ಸದ್ದು ಶುರುವಾದರೆ ಅವತ್ತಿನ ಕೆಲಸ ಬಂದ್ ಮಾಡಿ.

## ಹಂತ 9: ಬಾಕ್ಸ್ ಮೇಲೆ ಹಾಕುವ ಮುಂಚೆ

ಮೊದಲು ಮೊನೊ ಬಟನ್ (ಎಡ, ಬಲ ಎರಡನ್ನೂ ಒಂದಾಗಿಸುವುದು) ಒತ್ತಿ ಕೇಳಿ. ಮೆರವಣಿಗೆಯ ಸೆಟ್‌ಗಳು ಸಾಮಾನ್ಯವಾಗಿ ಮೊನೊ. ಹೆಡ್‌ಫೋನ್‌ನಲ್ಲಿ ಅಗಲವಾಗಿ ಕೇಳುತ್ತಿದ್ದ ಸಿಂತ್ ಮೊನೊದಲ್ಲಿ ಮಾಯವಾದರೆ ಅದರ ಸ್ಟೀರಿಯೋ ಎಫೆಕ್ಟ್ ತೆಗೆಯಿರಿ. ಬೇಸ್ ಯಾವತ್ತೂ ಮೊನೊದಲ್ಲೇ ಇರಲಿ.

ಆಮೇಲೆ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಚಿಕ್ಕ ಸ್ಪೀಕರ್‌ಗೆ ಕೆಳಗಿನ ಬೇಸ್ ಬರುವುದಿಲ್ಲ. ಬೇಸ್ ಪೂರ್ತಿ ಕಾಣೆಯಾದರೆ ಅದಕ್ಕೆ ಸ್ವಲ್ಪ ಸ್ಯಾಚುರೇಶನ್ ಹಾಕಿ, ಮೇಲಿನ ಸ್ವರಗಳು ಹುಟ್ಟುತ್ತವೆ, ಬೇಸ್ ಇದೆ ಅಂತ ಕಿವಿಗೆ ಗೊತ್ತಾಗುತ್ತದೆ. ಗೆಳೆಯನ ಆಟೋದಲ್ಲೂ ಒಮ್ಮೆ ಹಾಕಿ ನೋಡಿ. ಆಟೋ ಸ್ಪೀಕರ್ ಸುಳ್ಳು ಹೇಳುವುದಿಲ್ಲ.

ಬಾಕ್ಸ್ ಪರೀಕ್ಷೆಗೆ ಹಗಲು ಹೊತ್ತು ಹೋಗಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮಿಕ್ಸರ್‌ನಲ್ಲಿ ಕೆಂಪು ದೀಪ ಹತ್ತುತ್ತಿದ್ದರೆ ಅದನ್ನು ಮೊದಲು ಇಳಿಸಲು ಹೇಳಿ, ಆಮೇಲೆ ನಿಮ್ಮ ಹಾಡಿನ ಬಗ್ಗೆ ತೀರ್ಪು ಕೊಡಿ. ಬಾಕ್ಸ್ ಮುಂದೆ ನಿಲ್ಲಬೇಡಿ, ಮೂವತ್ತು ನಲವತ್ತು ಹೆಜ್ಜೆ ದೂರ ನಿಂತು ನುಡಿಯ ಮಾತು ತಿಳಿಯುತ್ತದೆಯೇ ಅಂತ ಕೇಳಿ. ಜೊತೆಗೆ ಪದ ಗೊತ್ತಿಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ. ನಿಮಗೆ ಬಾಯಿಪಾಠವಾಗಿದೆ, ಕೇಳದಿದ್ದರೂ ಕೇಳಿದ ಹಾಗೆ ಅನ್ನಿಸುತ್ತದೆ.

ಕೊನೆಗೆ ಎರಡು ಫೈಲ್ ಮಾಡಿ: ನಿಮ್ಮ ಬಳಿ ಇಟ್ಟುಕೊಳ್ಳಲು 24 ಬಿಟ್ ವೇವ್, ಡಿಜೆಯವರಿಗೆ 320 ಕೆಬಿಪಿಎಸ್ ಎಂಪಿ3. ಹಳೆಯ ಪ್ಲೇಯರ್‌ಗಳು ಫ್ಯಾಟ್32 ಮಾದರಿಯ ಪೆನ್‌ಡ್ರೈವ್ ಮಾತ್ರ ಓದುತ್ತವೆ, ಹಾಗೇ ಫಾರ್ಮ್ಯಾಟ್ ಮಾಡಿ. ಫೈಲ್ ಹೆಸರಿನಲ್ಲಿ ಪದ, ಹಾಡಿದವರು, ಬಿಪಿಎಂ ಮೂರೂ ಇರಲಿ. "ಫೈನಲ್ ಫೈನಲ್ 2 ಹೊಸದು" ಅಂತ ಹೆಸರಿಟ್ಟ ಪೆನ್‌ಡ್ರೈವ್ ಕೊಟ್ಟರೆ ಡಿಜೆಯವರು ಹಾಕುವುದು ಖಂಡಿತ ಹಳೆಯದನ್ನೇ.